ಚೌಕಾಬಾರ ಸಪ್ಪೆಯಾಗದಂತೆ ಆಡುವುದು ಹೇಗೆ

ಕವಡೆ ಹಾಕಿ ಮನೆಯಿಂದ ಮನೆಗೆ ಕಾಯಿ ನಡೆಸುವ ಆಟ ಚೌಕಾಬಾರ. ಅದು ಅರ್ಧಕ್ಕೇ ನಿಂತುಹೋದರೆ ಮಕ್ಕಳನ್ನು ಬೈಯಬೇಡಿ, ಹಾಕಿಕೊಂಡ ನಿಯಮ ನೋಡಿ. ತನ್ನ ಸರದಿಗೆ ಸುಮ್ಮನೆ ಕಾಯುವುದು ಹೆಚ್ಚಾದರೆ, ಸರದಿ ಬಂದಾಗ ಆರಿಸಿಕೊಳ್ಳಲು ಏನೂ ಇಲ್ಲದಿದ್ದರೆ ಆಟ ಸಪ್ಪೆ.

ಸೀಮೆಸುಣ್ಣದಲ್ಲಿ 5ಕ್ಕೆ 5ರಂತೆ 25 ಮನೆ ಬರೆಯಿರಿ. ಒಂದೊಂದೂ ನಾಲ್ಕು ಬೆರಳಗಲವಾದರೂ ಇರಲಿ. ನಾಲ್ಕು ಬದಿಯ ನಡುಮನೆಗಳು ಕಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ, ಅಂದರೆ ಅದೇ ಮನೆಗೆ ಬಂದು ಎಬ್ಬಿಸುವಂತಿಲ್ಲ. ಕಾಯಿ ತನ್ನ ಕಟ್ಟೆಯಿಂದ ಬಲಕ್ಕೆ ಹೊರಟು ಹೊರಸುತ್ತಿನಲ್ಲಿ 15 ಮನೆ ನಡೆದು, 16ಕ್ಕೆ ಒಳಸುತ್ತಿಗೆ ಹತ್ತಿ, ಅಲ್ಲಿ ಹಿಮ್ಮುಖವಾಗಿ, ಅಂದರೆ ಪ್ರದಕ್ಷಿಣೆಯಾಗಿ ತಿರುಗಿ, 24ಕ್ಕೆ ನಟ್ಟನಡುವೆ ಹಣ್ಣಾಗುತ್ತದೆ, ಅಂದರೆ ಅದರ ಓಟ ಮುಗಿಯುತ್ತದೆ.

ಕವಡೆ 4. ಬಾಯಿ ಮೇಲಾದಷ್ಟು ಎಣಿಕೆ; ನಾಲ್ಕೂ ಮೇಲಾದರೆ ಚೌಕ, 4. ನಾಲ್ಕೂ ಕವುಚಿದರೆ ಬಾರ, 8. ಈ ಎರಡಕ್ಕೂ, ಕಾಯಿ ಹೊಡೆದಾಗಲೂ ಇನ್ನೊಂದು ಸಲ ಹಾಕಬಹುದು. ಕವಡೆ ಸಿಗದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದೊಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿ, ಕಂದು ಸಿಪ್ಪೆ ಹೋಗಿ ಬಿಳಿ ಕಾಣುವಂತೆ ಮಾಡಿ. ಬಿಳಿ ಮೇಲಾದದ್ದು ಎಣಿಕೆಗೆ. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಅಂದುಕೊಂಡರೆ 16 ಎಸೆತದಲ್ಲಿ ಸರಾಸರಿ 2 ಆರು ಸಲ, 1 ಮತ್ತು 3 ನಾಲ್ಕು ನಾಲ್ಕು ಸಲ, ಚೌಕ, ಬಾರ ಒಂದೊಂದೇ ಸಲ.

ಮುಖ್ಯವಾದ ತಪ್ಪು ಆಗುವುದು ಇಲ್ಲೇ. ಚೌಕವೋ ಬಾರವೋ ಬಿದ್ದರೇ ಕಾಯಿ ಇಳಿಯಬೇಕು ಎಂಬ ನಿಯಮ ಕೆಲವು ಮನೆಗಳಲ್ಲಿದೆ. ಆ ಅವಕಾಶ ಎಂಟರಲ್ಲಿ ಒಂದು. ಹತ್ತು ಸುತ್ತಾದರೂ ಒಂದು ಕಾಯಿಯೂ ಇಳಿಯದ ಮಗು ಎದ್ದು ಹೋಗದೆ ಇನ್ನೇನು ಮಾಡೀತು? ನಾಲ್ಕೂ ಕಾಯಿಗಳನ್ನು ಮೊದಲೇ ಕಟ್ಟೆಯಲ್ಲಿಟ್ಟು, ಯಾವ ಗರ (ಕವಡೆಯ ಎಣಿಕೆ) ಬಿದ್ದರೂ ನಡೆಸಲು ಬಿಡಿ. ಆಗ ಮೊದಲ ಎಸೆತದಿಂದಲೇ ಯಾವ ಕಾಯಿ ಎಂಬ ಯೋಚನೆ ಶುರುವಾಗುತ್ತದೆ.

ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಮಾತ್ರ ಬಿಡಬೇಡಿ, ಆಟದ ಜೀವ ಅದೇ. ಆದರೆ ಹೊಡೆಯದವರ ಕಾಯಿ 15ರಲ್ಲೇ ನಿಂತುಬಿಟ್ಟರೆ ಆಟ ಗಂಟುಬೀಳುತ್ತದೆ. ಅದು ಹೊರಸುತ್ತನ್ನೇ ಮತ್ತೆ ಸುತ್ತಲಿ. ಪೆಟ್ಟು ತಿಂದ ಕಾಯಿ ತನ್ನ ಕಟ್ಟೆಗೆ ವಾಪಸ್, ಅಲ್ಲಿಂದ ಯಾವ ಗರಕ್ಕಾದರೂ ಹೊರಡಬಹುದು. ಹಿಂದೆ ಬಿದ್ದವರಿಗೂ ಆಸೆ ಉಳಿಯುವುದು ಇದರಿಂದಲೇ.

ಎದುರಾಳಿಯ ಕಾಯಿಗಿಂತ ಸರಿಯಾಗಿ 2 ಮನೆ ಮುಂದೆ ನಿಲ್ಲಬೇಡಿ, ಹೆಚ್ಚು ಬೀಳುವ ಗರ ಅದೇ. ಕೊನೆಗೆ ಸರಿಯಾದ ಎಣಿಕೆಯೇ ಬೀಳಬೇಕಾದ್ದರಿಂದ 23ಕ್ಕೆ ಹೋಗಿ 1ಕ್ಕಾಗಿ ಕಾಯುವುದಕ್ಕಿಂತ 22ರಲ್ಲಿ ನಿಂತು 2ಕ್ಕೆ ಕಾಯುವುದು ವಾಸಿ, ಅಲ್ಲಿ ಹೊಡೆತದ ಭಯ ಇಲ್ಲದಿದ್ದರೆ.

ಒಬ್ಬರ ನಾಲ್ಕೂ ಕಾಯಿ ಹಣ್ಣಾಗಲು 96 ಮನೆ ನಡೆಯಬೇಕು. ಎಸೆತಕ್ಕೆ ಸರಾಸರಿ 2.5 ಮನೆಯಾದರೆ, ಪೆಟ್ಟು ಬೀಳದಿದ್ದರೂ 38ಕ್ಕಿಂತ ಹೆಚ್ಚು ಎಸೆತ. ಹೊತ್ತು ಕಡಿಮೆಯಿದ್ದರೆ ತಲಾ ಎರಡೇ ಕಾಯಿ ಇಟ್ಟುಕೊಳ್ಳಿ.