ಜಿಗಿಜೇಡ ನೊಣದ ದೂರ ಅಳೆಯುವುದನ್ನು ನಾನು ಮನೆಯಲ್ಲೇ ನೋಡಿದ್ದು

ಜಿಗಿಜೇಡ ಬಲೆ ಕಟ್ಟಿಕೊಂಡು ಕಾಯುವುದಿಲ್ಲ. ಕಣ್ಣಲ್ಲೇ ಗುರಿ ಹಿಡಿದು, ಹಿಂಬಾಲಿಸಿ, ಹಾರಿ ಹಿಡಿಯುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ನಮ್ಮಂಥವರ ಮನೆಗಳಲ್ಲಿ ಇದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹುಳುಮನೆಯ ಊಜಿ ನೊಣ ತಡೆಯುವ ಪರದೆಯ ಹೊರಗೆ, ಬಿಸಿಲು ಬೀಳುವ ಗೋಡೆಯ ಮೇಲೆ ಬೂದು ಬಣ್ಣದ್ದೊಂದು ಯಾವಾಗಲೂ ಓಡಾಡುತ್ತಿರುತ್ತದೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸು, ಸಾಸಿವೆ ಕಾಳು, ರೇಷ್ಮೆ ಎಳೆ, ಕೆಂಪು ಮತ್ತು ಹಸಿರು ಎಲ್‌ಇಡಿ ಬಲ್ಬು, ಇಷ್ಟೇ ನನ್ನ ಸಲಕರಣೆ.

ಇದಕ್ಕೆ ಎಂಟು ಕಣ್ಣು. ಎದುರಿಗೆ ದೊಡ್ಡವೆರಡು, ಅವುಗಳ ಅಕ್ಕಪಕ್ಕ ಚಿಕ್ಕವೆರಡು, ಉಳಿದ ನಾಲ್ಕು ತಲೆಯ ಪಕ್ಕಕ್ಕೂ ಹಿಂದಕ್ಕೂ. ಸುತ್ತಮುತ್ತ ಏನು ಅಲುಗಿದರೂ ಹಿಡಿಯುವುದು ಚಿಕ್ಕ ಕಣ್ಣುಗಳ ಕೆಲಸ. ಸಾಸಿವೆ ಕಾಳನ್ನು ಎಳೆಗೆ ಅಂಟಿಸಿ ಜೇಡದ ಹಿಂದಿನಿಂದ ಇಳಿಬಿಟ್ಟೆ. ಕಾಳು ಅಲುಗದೆ ಸುಮ್ಮನೆ ಇದ್ದಷ್ಟು ಹೊತ್ತು ಜೇಡ ಅದರ ಗೊಡವೆಗೇ ಹೋಗಲಿಲ್ಲ. ಎಳೆಯನ್ನು ಒಂಚೂರು ಮಿಡಿದೆ. ತಟ್ಟನೆ ಇಡೀ ಮೈ ತಿರುಗಿಸಿ, ದೊಡ್ಡ ಕಣ್ಣೆರಡನ್ನೂ ಕಾಳಿನ ನೇರಕ್ಕೆ ತಂದು ನಿಂತಿತು.

ಆ ದೊಡ್ಡ ಕಣ್ಣುಗಳ ನೋಟ ತುಂಬ ಚುರುಕು, ಆದರೆ ತುಂಬ ಕಿರಿದು. ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚು ಬಿಟ್ಟು ಬೀರು ತಡಕಿದ ಹಾಗೆ, ತುಣುಕು ತುಣುಕಾಗಿ ನೋಡಬೇಕು. ಲೆನ್ಸು ತಲೆಯ ಚಿಪ್ಪಿಗೇ ಅಂಟಿಕೊಂಡಿದೆ, ಕದಲುವುದಿಲ್ಲ. ಹಿಂದಿನ ಉದ್ದ ಕೊಳವೆಯ ತುದಿಯಲ್ಲಿರುವ ಅಕ್ಷಿಪಟಲವೇ (ಚಿತ್ರ ಬೀಳುವ ಒಳಪರದೆ) ಸ್ನಾಯುಗಳ ಎಳೆತಕ್ಕೆ ಅತ್ತಿತ್ತ ಸರಿಯುತ್ತದೆ. ಮೈಕೇಲ್ ಲ್ಯಾಂಡ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಮ್ಯಾಕ್ರೋ ಲೆನ್ಸಿನಲ್ಲಿ ನೋಡುವಾಗ ಒಳ್ಳೆ ಬೆಳಕಿದ್ದರೆ ಕಣ್ಣಿನ ಬಣ್ಣ ಕಪ್ಪಿನಿಂದ ಕಂದಿಗೆ, ಮತ್ತೆ ಕಪ್ಪಿಗೆ ಹೊರಳುತ್ತದೆ. ಒಳಗಿನ ಕೊಳವೆ ಸರಿದಾಡುತ್ತಿರುವುದರ ಗುರುತು ಅದು. ನನಗಂತೂ ಇಡೀ ಬೇಟೆಯಲ್ಲಿ ಅತಿ ಚೆಂದ ಕಾಣುವ ಗಳಿಗೆ ಇದೇ.

ಆಮೇಲೆ ನೊಣದ ಕಡೆಗೆ ನಿಧಾನದ ನಡಿಗೆ. ನೊಣ ಕಾಲು ಉಜ್ಜಿಕೊಳ್ಳುತ್ತಿದ್ದರೆ ಇದು ಮುಂದಕ್ಕೆ ಸರಿಯುತ್ತದೆ, ನೊಣ ತಿರುಗಿತೋ, ಅಲ್ಲೇ ಗಪ್‌ಚುಪ್. ಹತ್ತಿರವಾದ ಮೇಲೆ ಹೊಟ್ಟೆಯ ತುದಿಯನ್ನು ಗೋಡೆಗೆ ಒತ್ತಿ ನೂಲಿನ ತುದಿ ಅಂಟಿಸುತ್ತದೆ. ಗುರಿ ತಪ್ಪಿದರೆ ಆ ನೂಲು ಹಿಡಿದು ವಾಪಸು ಬರಲಿಕ್ಕೆ. ಆಮೇಲೇ ಹಾರುವುದು.

ಹಾಗೆ ಹಾರಲು ದೂರ ಗೊತ್ತಾಗಬೇಕಲ್ಲ? ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಅವರು ಬಳಸಿದ್ದು ಹಸೇರಿಯಸ್ ಅಡಾನ್ಸೋನಿ, ನಮ್ಮ ಮನೆಗಳಲ್ಲೂ ಸಿಗುವ ಜಾತಿ. ದೊಡ್ಡ ಕಣ್ಣಿನ ಅಕ್ಷಿಪಟಲದಲ್ಲಿ ಒಂದರ ಹಿಂದೆ ಒಂದು ನಾಲ್ಕು ಪದರ. ತೀರಾ ಹಿಂದಿನ ಎರಡು ಪದರ ಹಸಿರು ಬೆಳಕಿಗೆ ಸ್ಪಂದಿಸುತ್ತವೆ. ಕೊನೆಯದರ ಮೇಲೆ ಚಿತ್ರ ಸ್ಪಷ್ಟ, ಅದರ ಮುಂದಿನದರ ಮೇಲೆ ಮಸುಕು. ನೊಣ ಹತ್ತಿರ ಬಂದಷ್ಟೂ ಮಸುಕು ಜಾಸ್ತಿ. ಆ ಮಸುಕೇ ಇದರ ಅಳತೆಪಟ್ಟಿ. ಕೆಂಪು ಬೆಳಕನ್ನು ಲೆನ್ಸು ಇನ್ನೂ ಹಿಂದಕ್ಕೆ ಕೂಡಿಸುವುದರಿಂದ ಮಸುಕು ಹೆಚ್ಚುತ್ತದೆ. ಜೇಡಕ್ಕೆ ನೊಣ ಇರುವುದಕ್ಕಿಂತ ಹತ್ತಿರ ಇದೆ ಅನಿಸಿ, ನೆಗೆತ ನೊಣದ ಈಚೆಗೇ ಬೀಳುತ್ತದೆ.

ನಾನೂ ಕಿಟಕಿಗೆ ಕಂಬಳಿ ಕಟ್ಟಿ, ಅಗಲವಾದ ಗಾಜಿನ ಡಬ್ಬಿಯೊಳಗೆ ಜೇಡ ಮತ್ತು ಸಣ್ಣ ನೊಣ ಬಿಟ್ಟು ನೋಡಿದೆ. ಹಸಿರು ಬಲ್ಬಿನಡಿ ನೆಗೆತ ನೇರ ನೊಣದ ಮೇಲೆ. ಕೆಂಪಿನಡಿ ಬಹಳ ಸಲ ನೊಣದ ಈಚೆಗೇ ಬಿತ್ತು. ಮನೆಯ ಬಲ್ಬಿನಲ್ಲಿ ನೋಡಿದ್ದನ್ನು ಪ್ರಯೋಗಾಲಯದ ಅಳತೆಗೆ ಸಮ ಅನ್ನಲಾರೆ. ಆದರೂ ಅದೇ ಜೇಡ, ಅದೇ ಡಬ್ಬಿ, ಬಣ್ಣ ಬದಲಾದ ಕೂಡಲೇ ನೆಗೆತ ಬದಲಾಗುವುದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಮಾಡಿ ನೋಡುವವರು ಹಸಿದ ಜೇಡವನ್ನೇ ಆರಿಸಿಕೊಳ್ಳಿ, ಹೊಟ್ಟೆ ತುಂಬಿದ್ದು ನೊಣದ ಕಡೆ ತಿರುಗಿಯೂ ನೋಡುವುದಿಲ್ಲ. ಕೆಂಪು ಬಲ್ಬು ಪ್ರಖರವಾಗಿರಲಿ, ಮಂಕು ಬೆಳಕಿನಲ್ಲಿ ಅದು ಬೇಟೆಗೇ ಇಳಿಯದು. ಹಿಡಿಯುವಾಗ ಬೆರಳು ಹಾಕಬೇಡಿ, ಲೋಟ ಮುಚ್ಚಿ ಕೆಳಗಿಂದ ಪೋಸ್ಟ್‌ಕಾರ್ಡ್ ತೂರಿಸಿ. ಹುಳುಮನೆಗೆ ಬ್ಲೀಚಿಂಗ್ ಹೊಡೆಯುವ ಮುಂಚೆಯೂ ನಾನು ಹೀಗೇ ಗೋಡೆ ಮೇಲಿನವನ್ನೆಲ್ಲ ಹಿಡಿದು ಹಿತ್ತಲಿಗೆ ಬಿಡುತ್ತೇನೆ.