ನಂಬರ್ ಚೇಂಜ್ ಆಯ್ತು, ಒಟಿಪಿ ಹಳೇ ನಂಬರ್‌ಗೇ ಹೋಗ್ತಿದೆ, ಈಗ ಏನ್ ಮಾಡೋದು?

ಹೊಸ ಸಿಮ್ ತಗೊಂಡು ಹಳೇದಕ್ಕೆ ರೀಚಾರ್ಜ್ ನಿಲ್ಲಿಸಿಬಿಡ್ತೀವಿ, ಆಮೇಲೆ ಯಾವತ್ತೋ ಜಿಮೇಲೋ ಬ್ಯಾಂಕ್ ಆ್ಯಪೋ ಓಪನ್ ಮಾಡಕ್ಕೆ ಹೋದ್ರೆ ಒಟಿಪಿ ಹಳೇ ನಂಬರ್‌ಗೆ ಹೋಗ್ತಿರುತ್ತೆ. ಗಾಬರಿ ಆಗ್ಬೇಡಿ, ಆದ್ರೆ ತಡಾನೂ ಮಾಡ್ಬೇಡಿ. ಕಟ್ ಆದ ನಂಬರ್‌ನ 90 ದಿನ ಯಾರಿಗೂ ಕೊಡಂಗಿಲ್ಲ ಅಂತ ರೂಲ್ ಇದೆ, ಅದಾದ್ಮೇಲೆ ಬೇರೆಯವ್ರಿಗೆ ಕೊಡಬಹುದು, ಕೊಟ್ರೆ ನಿಮ್ಮ ಒಟಿಪಿ ಎಲ್ಲಾ ಗುರುತು ಪರಿಚಯ ಇಲ್ದೋರ ಫೋನಲ್ಲಿ ಬಂದು ಬೀಳುತ್ತೆ.

ಅದಕ್ಕೇ ಮೊದಲು ಹಳೇ ನಂಬರ್ ವಾಪಸ್ ಸಿಗುತ್ತಾ ನೋಡಿ. ಆಧಾರ್ ತಗೊಂಡು ಆ ಸಿಮ್ ಕಂಪನಿ ಸ್ಟೋರಿಗೇ ಹೋಗಿ ಕೇಳಿ. ಸಿಮ್ ಯಾರ ಹೆಸರಲ್ಲಿದ್ಯೋ ಅವ್ರೇ ಬರ್ಬೇಕು, ನಮ್ಮಲ್ಲಿ ಅಮ್ಮ ಯೂಸ್ ಮಾಡೋ ಸಿಮ್ ಮಗನ ಹೆಸರಲ್ಲಿರೋದು ಮಾಮೂಲಿ, ಹಂಗಿದ್ರೆ ಮಗನ್ನ ಕರ್ಕೊಂಡೇ ಹೋಗಿ. ಡೂಪ್ಲಿಕೇಟ್ ಸಿಮ್ ಆನ್ ಆದ್ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ, ಸಿಮ್ ಹಾಳಾಗಿದೆ ಅಂದ್ಕೋಬೇಡಿ, ಮೋಸ ತಡಿಯೋಕೆ ಅಂತ್ಲೇ ಬ್ಲಾಕ್ ಮಾಡಿರ್ತಾರೆ. ಇರೋದ್ರಲ್ಲೇ ಕಮ್ಮಿ ರೀಚಾರ್ಜ್ ಹಾಕ್ಸಿ, ಎಲ್ಲಾ ಅಕೌಂಟೂ ಹೊಸ ನಂಬರ್‌ಗೆ ಬದಲಾಗೋವರೆಗೂ ಸಿಮ್ ಬಿಡ್ಬೇಡಿ.

ನಂಬರ್ ಸಿಗಲ್ಲ ಅಂತಾದ್ರೆ ಜಿಮೇಲ್‌ನಿಂದ ಶುರು ಮಾಡಿ, ಯಾಕಂದ್ರೆ ಮಿಕ್ಕಿದ ಎಷ್ಟೋ ಅಕೌಂಟ್‌ಗಳ ಪಾಸ್ವರ್ಡ್ ರೀಸೆಟ್ ಲಿಂಕ್ ಅಲ್ಲಿಗೇ ಬರೋದು. ಹಳೇ ಫೋನಲ್ಲಿ ಜಿಮೇಲ್ ಇನ್ನೂ ಲಾಗಿನ್ ಆಗೇ ಇದ್ರೆ ಪುಣ್ಯ, ಆ ಫೋನ್ ರೀಸೆಟ್ ಮಾಡ್ಬೇಡಿ, ಎಕ್ಸ್‌ಚೇಂಜ್‌ಗೂ ಕೊಡ್ಬೇಡಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್, ಅದ್ರೊಳಗೆ ಸೆಕ್ಯುರಿಟಿಗೆ ಹೋಗಿ ರಿಕವರಿ ಫೋನ್ ಬದಲಾಯಿಸಿ. ಬದಲಾಯಿಸಿದ್ರೂ 7 ದಿನ ಹಳೇ ನಂಬರ್‌ಗೇ ಕೋಡ್ ಕಳಿಸ್ಲಾ ಅಂತ ಕೇಳಬಹುದು, ಅದು ಸರಿಯಾಗೇ ಇದೆ, ಬಿಟ್ಬಿಡಿ. ಎಲ್ಲೂ ಲಾಗಿನ್ ಇಲ್ವಾ, ಹಂಗಾದ್ರೆ ಗೂಗಲ್‌ನ ಅಕೌಂಟ್ ರಿಕವರಿ ಪೇಜಿಗೆ ಹೋಗಿ, ಒಟಿಪಿ ಕೇಳ್ದಾಗ ಕೆಳಗಡೆ 'ಟ್ರೈ ಅನದರ್ ವೇ' ಅಂತ ಇರುತ್ತೆ ಅದನ್ನ ಒತ್ತಿ. ಇದನ್ನ ನೀವು ದಿನಾ ಬಳಸ್ತಿದ್ದ ಫೋನ್ ಅಥವಾ ಲ್ಯಾಪ್‌ಟಾಪಲ್ಲೇ, ಮನೆ ವೈಫೈಯಲ್ಲೇ ಮಾಡಿ, ಸೈಬರ್ ಸೆಂಟರಲ್ಲಿ ಕೂತು ಮಾಡಿದ್ರೆ ಗೂಗಲ್‌ಗೆ ನೀವೇ ಅಂತ ನಂಬಿಕೆ ಬರೋದು ಕಷ್ಟ. ಒಳಗೆ ಹೋದ ತಕ್ಷಣ ಟೂ ಸ್ಟೆಪ್ ವೆರಿಫಿಕೇಶನ್‌ನಲ್ಲಿ ಬ್ಯಾಕಪ್ ಕೋಡ್ ತಗೊಳ್ಳಿ, 8 ಅಂಕಿಯ 10 ಕೋಡ್ ಕೊಡ್ತಾರೆ, ಒಂದೊಂದು ಒಂದೇ ಸಲ ಕೆಲ್ಸ ಮಾಡುತ್ತೆ, ಪೇಪರಲ್ಲಿ ಬರ್ದು ಪಾಸ್‌ಬುಕ್ ಇಡೋ ಕಡೆ ಇಡಿ.

ಆಮೇಲೆ ಆಧಾರ್. ಆಧಾರ್ ಸೇವಾ ಕೇಂದ್ರಕ್ಕೋ ಆಧಾರ್ ಕೆಲ್ಸ ಮಾಡೋ ಪೋಸ್ಟ್ ಆಫೀಸಿಗೋ ಹೋಗಿ ಬೆರಳಚ್ಚು ಕೊಟ್ರಾಯ್ತು, ಮೊಬೈಲ್ ನಂಬರ್ ಬದಲಾವಣೆಗೆ ಬೇರೆ ದಾಖಲೆ ಕೇಳಲ್ಲ. 2025ರ ಅಕ್ಟೋಬರ್‌ನಿಂದ ಫೀಸ್ 75 ರೂಪಾಯಿ, ಜಾಸ್ತಿ ಕೇಳಿದ್ರೆ 1947ಕ್ಕೆ ಫೋನ್ ಮಾಡಿ. ಪಿಎಫ್, ಡಿಜಿಲಾಕರ್ ಎಲ್ಲಾ ಆಧಾರ್ ಒಟಿಪಿ ಮೇಲೇ ನಿಂತಿರೋದ್ರಿಂದ ಇದನ್ನ ಮುಂದಕ್ಕೆ ಹಾಕ್ಬೇಡಿ.

ಬ್ಯಾಂಕಿಗೆ ಪಾಸ್‌ಬುಕ್, ಆಧಾರ್ ತಗೊಂಡು ಬ್ರಾಂಚಿಗೇ ಹೋಗಿ ಫಾರಂ ಕೊಡಿ. ಅಲ್ಲಿ ನಂಬರ್ ಬದಲಾಗದೇ ಯುಪಿಐ ಆ್ಯಪ್ ಜೊತೆ ಎಷ್ಟು ಗುದ್ದಾಡಿದ್ರೂ ಪ್ರಯೋಜನ ಇಲ್ಲ, ಆ ಆ್ಯಪ್ ನಿಮ್ಮ ಫೋನಲ್ಲಿರೋ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸಿ ಬ್ಯಾಂಕಲ್ಲಿರೋ ನಂಬರ್ ಅದೇನಾ ಅಂತ ನೋಡುತ್ತೆ. ವಾಟ್ಸಾಪ್ ಸುಲಭ, ಅಕೌಂಟ್ ಸೆಟ್ಟಿಂಗ್‌ನಲ್ಲಿ 'ಚೇಂಜ್ ನಂಬರ್' ಇದೆ, ಗ್ರೂಪ್ ಎಲ್ಲಾ ಹಂಗೇ ಇರುತ್ತೆ, ಆ್ಯಪ್ ಡಿಲೀಟ್ ಮಾಡೋಕೆ ಮುಂಚೆ ಮಾಡ್ಬೇಕು ಅಷ್ಟೇ.

ಒಂದು ಮಾತು ದಯವಿಟ್ಟು ಕೇಳಿ, ಯಾವ ಕಾರಣಕ್ಕೂ ಕಸ್ಟಮರ್ ಕೇರ್ ನಂಬರ್‌ನ ಸರ್ಚ್ ಮಾಡಿ ಸಿಕ್ಕಿದ್ದಕ್ಕೆ ಕಾಲ್ ಮಾಡ್ಬೇಡಿ. ಅಲ್ಲಿ ಕಳ್ಳರು ಕೂತಿರ್ತಾರೆ, ಸ್ಕ್ರೀನ್ ಶೇರ್ ಆ್ಯಪ್ ಹಾಕ್ಸಿ ಹಣ ಎಳ್ಕೊಳ್ತಾರೆ. ಬ್ಯಾಂಕ್ ನಂಬರ್ ಡೆಬಿಟ್ ಕಾರ್ಡ್ ಹಿಂದೇನೇ ಇರುತ್ತೆ. ದುಡ್ಡು ಹೋಗಿದ್ರೆ ಒಂದು ನಿಮಿಷಾನೂ ಕಾಯ್ದೇ 1930ಕ್ಕೆ ಕಾಲ್ ಮಾಡಿ.

ಇನ್ನು ಯಾವ್ಯಾವ ಕಡೆ ಹಳೇ ನಂಬರ್ ಕೊಟ್ಟಿದ್ದೀರ ಅಂತ ನೆನಪಾಗ್ತಿಲ್ಲ ಅಂದ್ರೆ ಹಳೇ ಫೋನಿನ ಮೆಸೇಜ್ ಇನ್‌ಬಾಕ್ಸಲ್ಲಿ ಒಟಿಪಿ ಅಂತ ಸರ್ಚ್ ಮಾಡಿ, ಗ್ಯಾಸ್, ಕರೆಂಟ್ ಬಿಲ್, ಎಲ್ಐಸಿ, ರೈಲ್ವೆ ಟಿಕೆಟ್ ಎಲ್ಲಾ ಅಲ್ಲೇ ಸಿಗುತ್ತೆ, ಒಂದೊಂದನ್ನೇ ಬದಲಾಯಿಸ್ತಾ ಹೋಗಿ.