ನೈಟ್ ಡ್ಯೂಟಿ ನಡುವೆ ಓದು: ಆನ್‌ಲೈನೋ, ಕಾಲೇಜೋ?

ಹೋದ ವಾರ ಬೆಳಗಿನ ಹ್ಯಾಂಡ್‌ಓವರ್ ಮುಗಿಸಿ ಹೊರಟಿದ್ದೆ. ನಮ್ಮ ಐಸಿಯುನ ಕಿರಿಯ ಸಿಸ್ಟರ್ ಫೋನ್ ಹಿಡಿದುಕೊಂಡು ಓಡಿಬಂದಳು. "ಅಕ್ಕಾ, ಮನೇಲಿ ಕೂತೇ ಬಿಎಸ್ಸಿ ನರ್ಸಿಂಗ್ ಮುಗಿಸ್ಬಹುದಂತೆ. ಇವತ್ತೇ ದುಡ್ಡು ಕಟ್ಟಿದ್ರೆ ರಿಯಾಯ್ತಿ ಇದೆ. ಕಟ್ಲಾ?"

"ತಡಿ, ಮೊದ್ಲು ಕೂತ್ಕೋ" ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿಕೊಂಡು ಕೆಲಸಕ್ಕೆ ಸೇರಿ, ಮುಂದೆ ಓದಬೇಕು ಅಂತ ಒದ್ದಾಡುವವರು ನಮ್ಮಲ್ಲಿ ಎಷ್ಟೋ ಜನ.

ಒಮ್ಮೆ ನಾನೇ ಏಮಾರಿದ್ದೇನೆ. ಆನ್‌ಲೈನ್ 'ಕ್ರಿಟಿಕಲ್ ಕೇರ್ ಡಿಪ್ಲೊಮಾ' ಅಂತ ಒಂದು ಸಂಸ್ಥೆಗೆ ಹದಿನೆಂಟು ಸಾವಿರ ಕಟ್ಟಿದೆ. ಆರು ತಿಂಗಳಿಗೆ ಬಂಗಾರದ ಬಣ್ಣದ ಮೊಹರಿರುವ ಸರ್ಟಿಫಿಕೇಟ್ ಬಂತು. ಬಡ್ತಿಯ ಅರ್ಜಿಗೆ ಅದನ್ನು ಲಗತ್ತಿಸಿದೆ. "ಇದು ಕೌನ್ಸಿಲ್‌ನಲ್ಲಿ ದಾಖಲಾಗೋ ಓದಲ್ಲ ಸಿಸ್ಟರ್" ಅಂತ ಹಾಳೆ ವಾಪಸ್ ಕೊಟ್ಟರು. ಅವತ್ತು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಕಣ್ಣೀರು ನಿಲ್ಲಲಿಲ್ಲ.

ಅದಕ್ಕೇ, ಫೀಸಿಗಿಂತ ಮುಂಚೆ ಕೇಳಬೇಕಾದ್ದು ಇದು: ಈ ಓದನ್ನು ರಾಜ್ಯದ ನರ್ಸಿಂಗ್ ಕೌನ್ಸಿಲ್ ನನ್ನ ಹೆಸರಿನ ಮುಂದೆ ಸೇರಿಸಿಕೊಳ್ಳುತ್ತದಾ? ಪದವಿ ಅಂದಮೇಲೆ ಇದರಲ್ಲಿ ರಾಜಿಯೇ ಇಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2020ರ ನಿಯಮಾವಳಿ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸಬಾರದ ಕೋರ್ಸುಗಳ ಪಟ್ಟಿಯಲ್ಲಿ ನರ್ಸಿಂಗನ್ನೂ ಇಟ್ಟಿದೆ. ಕೆಲಸದಲ್ಲಿರುವ ನರ್ಸ್‌ಗಳಿಗಾಗಿ ಇಗ್ನೋ ಮುಕ್ತ ವಿವಿ ಬಹಳ ಕಾಲ ನಡೆಸಿಕೊಂಡು ಬಂದ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ಆದವರು ಮಾಡುವ ಪದವಿ) ಕೂಡ ಮನೆಯಲ್ಲಿ ಕೂತು ಮುಗಿಸುವಂಥದ್ದಾಗಿರಲಿಲ್ಲ. ಪ್ರವೇಶ ಪರೀಕ್ಷೆ ಬರೆದು, ಮೂರು ವರ್ಷ, ಕೇಂದ್ರಕ್ಕೆ ಹೋಗಿ ಪ್ರಾಕ್ಟಿಕಲ್ ಮಾಡಬೇಕಿತ್ತು. ಅದರ ಮೇಲೆ ಆಸೆಯಿದ್ದರೆ ಈ ವರ್ಷ ಪ್ರವೇಶ ಇದೆಯಾ ಅಂತ ಅವರ ಪ್ರಾದೇಶಿಕ ಕೇಂದ್ರದಲ್ಲೇ ಕೇಳಿ, ಏಜೆಂಟರ ಹತ್ತಿರ ಬೇಡ. ರೆಗ್ಯುಲರ್ ಪೋಸ್ಟ್ ಬೇಸಿಕ್ ಎರಡು ವರ್ಷ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿವಿಯ ಸಂಯೋಜನೆ ಇದೆಯಾ, ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿದೆಯಾ, ಎರಡನ್ನೂ ನೋಡಿಕೊಳ್ಳಿ.

ಹಾಗಂತ ಆನ್‌ಲೈನ್ ಓದನ್ನು ನಾನು ತಳ್ಳಿಹಾಕುವವಳಲ್ಲ. ಎಬಿಜಿ, ಅಂದರೆ ರಕ್ತದ ಆಮ್ಲೀಯತೆ ಮತ್ತು ಅನಿಲಗಳ ಪರೀಕ್ಷೆಯ ರಿಪೋರ್ಟ್ ಓದೋದನ್ನು ನಾನು ಕಲಿತದ್ದೇ ಫೋನಿನಲ್ಲಿ. ಸರಿಯಿರುವ ಮಟ್ಟ ಅಂದರೆ ಪಿಎಚ್ 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45, ಬೈಕಾರ್ಬನೇಟ್ 22ರಿಂದ 26. ಇದು ತರಗತಿಯಲ್ಲಿ ಒಂದೇ ಏಟಿಗೆ ತಲೆಗೆ ಹೋಗಲಿಲ್ಲ. ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಎಳೆದು, ನಮ್ಮ ವಾರ್ಡಿನದ್ದೇ ರಿಪೋರ್ಟುಗಳನ್ನು ನೆನೆಸಿಕೊಂಡು ನಾಲ್ಕು ಸಲ ನೋಡಿದಮೇಲೆ ಹತ್ತಿತು. ಇಸಿಜಿ, ಔಷಧಿಯ ಡೋಸ್ ಲೆಕ್ಕ, ಸೋಂಕು ನಿಯಂತ್ರಣ, ಇವಕ್ಕೆಲ್ಲ ಆನ್‌ಲೈನ್ ಚೆನ್ನಾಗಿ ಒದಗುತ್ತದೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನ ಪಾಠಗಳನ್ನು ಪುಕ್ಕಟೆ ನೋಡಬಹುದು. ನೋಂದಣಿ ನವೀಕರಣಕ್ಕೆ ಬೇಕಾದ ಸಿಎನ್‌ಇ (ಕೆಲಸದ ಜೊತೆ ಮುಂದುವರಿಸುವ ನರ್ಸಿಂಗ್ ಕಲಿಕೆ) ಗಂಟೆಗಳಿಗಾಗಿ ಆನ್‌ಲೈನ್ ಕೋರ್ಸ್ ಸೇರುವುದಾದರೆ, ಅದನ್ನು ಕೌನ್ಸಿಲ್ ಲೆಕ್ಕಕ್ಕೆ ಹಿಡಿಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಆದರೆ ಕೈ ಕಲಿಯಬೇಕಾದ್ದನ್ನು ಕಣ್ಣು ಕಲಿಯುವುದಿಲ್ಲ. ಹೃದಯ ನಿಂತವರಿಗೆ ಕೊಡುವ ಸಿಪಿಆರ್‌ನಲ್ಲಿ ದೊಡ್ಡವರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ನನಗದು ಬಾಯಿಪಾಠ. ಸ್ಕಿಲ್ ಲ್ಯಾಬಿನಲ್ಲಿ ಮೊದಲ ಸಲ ಗೊಂಬೆಯ ಮೇಲೆ ಒತ್ತಿದಾಗ, ಸರಿಯಾದ ಆಳಕ್ಕೆ ಹೋದರೆ ಬರಬೇಕಾದ 'ಕ್ಲಿಕ್' ಅನ್ನಲೇ ಇಲ್ಲ. ಮೇಡಂ ನನ್ನ ಮೊಣಕೈ ಹಿಡಿದು ನೆಟ್ಟಗೆ ಮಾಡಿ, "ತೋಳಲ್ಲಲ್ಲ, ಮೈಭಾರ ಹಾಕು" ಅಂದರು. ಆಗ ಕ್ಲಿಕ್ ಅಂತು. ಅಷ್ಟು ವರ್ಷ ಸರ್ವಿಸ್ ಮಾಡಿದ್ದೆ, ನನ್ನ ಮೊಣಕೈ ಬಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಟ್ರಕಿಯಾಸ್ಟಮಿ ಸಕ್ಷನ್ (ಕತ್ತಿನಲ್ಲಿ ಹಾಕಿದ ಉಸಿರಿನ ಕೊಳವೆಯಿಂದ ಕಫ ಎಳೆಯೋದು), ಹೆರಿಗೆ, ಮಗುವಿಗೆ ಬ್ಯಾಗ್ ಮಾಸ್ಕ್‌ನಲ್ಲಿ ಉಸಿರು ಕೊಡೋದು, ಇವಕ್ಕೆಲ್ಲ ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ಓದುವ ಭಾಗ ಆನ್‌ಲೈನ್, ಕೈಕೆಲಸ ಎದುರಿನಲ್ಲಿ ಅನ್ನುವ ಬಿಎಲ್‌ಎಸ್ (ಪ್ರಾಥಮಿಕ ಜೀವರಕ್ಷಣೆ) ತರಬೇತಿಗಳೂ ಇವೆ. ಡ್ಯೂಟಿ ಮಾಡುವವರಿಗೆ ನನ್ನ ಪ್ರಕಾರ ಇವೇ ಒಳ್ಳೆಯವು.

ಇನ್ನು ರೋಸ್ಟರ್. ಕೋರ್ಸ್ ಸೇರುವ ಮುಂಚೆ ಒಂದು ಪುಕ್ಕಟೆ ಪಾಠವನ್ನು ಬೇಕೆಂದೇ ನೈಟ್ ಡ್ಯೂಟಿ ವಾರದಲ್ಲಿ ಓದಿ ನೋಡಿ. ಬೆಳಿಗ್ಗೆ ಎಂಟಕ್ಕೆ ಬಿಟ್ಟು, ಮಕ್ಕಳಿಗೆ ತಿಂಡಿ ಮಾಡಿ, ಹತ್ತು ಗಂಟೆಯ ಲೈವ್ ಕ್ಲಾಸಿಗೆ ಕೂತರೆ ನಿಮಗೆ ಎಷ್ಟು ನೆನಪಿರುತ್ತದೆ? ನನಗೆ ಏನೂ ಇರುತ್ತಿರಲಿಲ್ಲ. ಆನ್‌ಲೈನ್ ಅಂದರೆ ಪಾಠ ರೆಕಾರ್ಡ್ ಆಗಿ ಸಿಗಬೇಕು, ಇಲ್ಲದಿದ್ದರೆ ನಮ್ಮಂಥವರಿಗೆ ಉಪಯೋಗವಿಲ್ಲ. ಕಾಲೇಜಾದರೆ ಎರಡು ವರ್ಷದ ಫೀಸಿನ ಜೊತೆ ತಪ್ಪಿಹೋಗುವ ಸಂಬಳವನ್ನೂ ಲೆಕ್ಕ ಹಾಕಿ. ಸರ್ಕಾರಿ ಕೆಲಸದಲ್ಲಿದ್ದರೆ ಉನ್ನತ ವ್ಯಾಸಂಗಕ್ಕೆ ನಿಯೋಜನೆ ಸಿಗುತ್ತದಾ ಅಂತ ಕಚೇರಿಯಲ್ಲಿ ವಿಚಾರಿಸಿ. ನಾನು ಸಂಬಳವಿಲ್ಲದ ರಜೆ ಹಾಕಿ ಕಾಲೇಜಿಗೆ ಹೋದೆ. ಅಮ್ಮ ಮಕ್ಕಳನ್ನು ನೋಡಿಕೊಂಡಿದ್ದರಿಂದ ಆಯಿತು.

ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಬರಿ ಬಾಯಲ್ಲಿ ಕೇಳಬೇಡಿ. ಪರೀಕ್ಷೆ, ಪ್ರಾಕ್ಟಿಕಲ್ ತಾರೀಕುಗಳನ್ನು ಬರೆದು, ಆ ದಿನ ಡ್ಯೂಟಿ ಬದಲು ಮಾಡಿಕೊಳ್ಳಲು ಒಪ್ಪಿದವರ ಸಹಿಯನ್ನೂ ಹಾಕಿಸಿ, ರೋಸ್ಟರ್ ಹಾಕುವ ಮುಂಚೆ ಕೊಡಿ. ನನಗೆ ಎರಡು ಸಲ ಬೇಡ ಅಂದವರು ಈ ಹಾಳೆ ನೋಡಿ ಒಪ್ಪಿದರು.

ನಮ್ಮ ಸಿಸ್ಟರ್ ಇನ್ನೂ ದುಡ್ಡು ಕಟ್ಟಿಲ್ಲ. ಗುರುವಾರ ಅವಳಿಗೆ ನೈಟ್ ಆಫ್. ಅವತ್ತು ಪಟ್ಟಿಯಲ್ಲಿರುವ ಎರಡು ಕಾಲೇಜುಗಳ ಸ್ಕಿಲ್ ಲ್ಯಾಬ್ ನೋಡಿಕೊಂಡು ಬರುತ್ತಾಳೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.